‘ಹೋಗೋ’ ಎಂಬ ಮಾತಿನ ಹಿಂದೆ

ನನ್ನ ಅಕ್ಕನ ಮಗನಿಗೆ ಆಗ 9 ವರ್ಷ. ಬುದ್ಧಿಯ ಬೆಳವಣಿಗೆ ನಿಧಾನ, ಮಾತು ಅದಕ್ಕಿಂತ ನಿಧಾನ. ಮೈಸೂರಿನ ಒಂದು ವಿಶೇಷ ಶಾಲೆಗೆ ಹೋಗುತ್ತಿದ್ದ. ಒಂದು ಸಂಜೆ ಅವನ ಡೈರಿಯಲ್ಲಿ ಕೆಂಪು ಶಾಯಿಯ ಮೂರು ಸಾಲುಗಳಿದ್ದವು: ಹೇಳಿದ ಕೆಲಸ ಮಾಡುವುದಿಲ್ಲ, ಮೇಡಂಗೆ ‘ಹೋಗೋ’ ಎನ್ನುತ್ತಾನೆ, ಕೆಟ್ಟ ಮಾತು ಬೈಯುತ್ತಾನೆ. ಒಂದು ವಾರ ಮನೆಯಲ್ಲಿಯೇ ಇರಿಸಿಕೊಳ್ಳಿ ಎಂದು ಕೊನೆಗೆ ಬರೆದಿದ್ದರು. ಅಕ್ಕ ರಾತ್ರಿಯಿಡೀ ಅತ್ತಳು. ಹುಡುಗ ಮಾತ್ರ ಆ ವಾರವೆಲ್ಲ ಹಿಗ್ಗಿನಿಂದ ಓಡಾಡಿಕೊಂಡಿದ್ದ. ಬೇಡವೆನಿಸಿದ ಕೆಲಸದಿಂದ ತಪ್ಪಿಸಿಕೊಳ್ಳಲು ಒಂದು ಮಾತು ಸಾಕು ಎಂಬುದನ್ನು ಶಾಲೆಯೇ ಅವನಿಗೆ ಕಲಿಸಿ ಕಳಿಸಿತ್ತು.

ಎದುರುತ್ತರ ಕೊಡುವ, ಬೈಯುವ ಮಗುವನ್ನು ಏನು ಮಾಡಬೇಕು ಎಂಬ ಪ್ರಶ್ನೆಗೆ ನಮ್ಮ ಕಡೆಯ ಹಳೆಯ ಉತ್ತರ ಎಲ್ಲರಿಗೂ ಗೊತ್ತು. ಕೂಲಿಮಠದ ಐಗಳ ಕೈಯಲ್ಲಿ ಬೆತ್ತವಿತ್ತು, ತೊಲೆಗೆ ಕಟ್ಟಿದ ಹಗ್ಗದಲ್ಲಿ ಹುಡುಗರನ್ನು ನೇತುಬಿಡುವ ಕೋದಂಡವಿತ್ತು. ಆದರೆ ಬುದ್ಧಿ ಬೆಳೆಯದ ಮಕ್ಕಳಿಗೆ ಆ ಪೆಟ್ಟೂ ಬೀಳಲಿಲ್ಲ, ಏಕೆಂದರೆ ಅವರಿಗೆ ಶಾಲೆಯೇ ಇರಲಿಲ್ಲ. ಮೈಸೂರಿನಲ್ಲಿ ಕಿವುಡ ಮತ್ತು ಅಂಧ ಮಕ್ಕಳಿಗೆ 20ನೇ ಶತಮಾನದ ಆರಂಭದಲ್ಲಿಯೇ ಶಾಲೆ ತೆರೆಯಿತು. ಬೌದ್ಧಿಕ ಅಂಗವೈಕಲ್ಯವಿದ್ದವರು ಮಾತ್ರ ಹಟ್ಟಿಯಲ್ಲಿಯೋ ಹಿತ್ತಲಲ್ಲಿಯೋ ಉಳಿದರು. ಬ್ರಿಟಿಷ್ ಇಂಡಿಯಾದ 1912ರ ಕಾಯ್ದೆ ಬುದ್ಧಿಮಾಂದ್ಯರನ್ನೂ ‘ಹುಚ್ಚರು’ ಎಂಬ ವ್ಯಾಖ್ಯೆಯೊಳಗೇ ಸೇರಿಸಿತ್ತು. ಇವರದು ಮಾನಸಿಕ ಕಾಯಿಲೆಯಲ್ಲ ಎಂದು ನಮ್ಮ ಕಾನೂನು ಬಿಡಿಸಿ ಹೇಳಿದ್ದು 1987ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ. ಒಂದು ತಪ್ಪು ಹೆಸರನ್ನು ಕಳಚುವುದಕ್ಕೆ ಇಷ್ಟು ವರ್ಷ ಬೇಕಾಯಿತೆಂಬುದು ನನ್ನನ್ನು ಇಂದಿಗೂ ನೋಯಿಸುತ್ತದೆ.

ಆದರೂ ಈ ಊರಿಗೆ ಬೇರೆಯದೇ ಒಂದು ಪರಂಪರೆಯಿದೆ. ಆಕಾಶವಾಣಿ ಎಂಬ ಹೆಸರಿನೊಂದಿಗೆ 1935ರಲ್ಲಿ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಆರಂಭಿಸಿದ ಎಂ.ವಿ. ಗೋಪಾಲಸ್ವಾಮಿಯವರು ವೃತ್ತಿಯಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಆ ವಿಭಾಗ 1924ರಲ್ಲಿಯೇ ಹುಟ್ಟಿತ್ತು. 1965ರಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಬಂತು. ಇಂದು ಮಾನಸಗಂಗೋತ್ರಿಯ ಅದರ ಆವರಣಕ್ಕೆ ಮಕ್ಕಳನ್ನು ಕರೆದುಕೊಂಡು ಬರುವ ತಾಯಂದಿರಲ್ಲಿ ಹಲವರು ‘ಮಾತು ಬರುತ್ತಿಲ್ಲ’ ಎಂಬ ದೂರಿನ ಬೆನ್ನಿಗೇ ‘ತುಂಬಾ ಹಟ’ ಎಂಬುದನ್ನೂ ಹೇಳುತ್ತಾರೆ. ಈ ಎರಡು ದೂರುಗಳೂ ಒಂದೇ ಬೇರಿನಿಂದ ಬಂದಿರಬಹುದು ಎಂದು ಲೋಕಕ್ಕೆ ಅರ್ಥವಾಗಲು ಬಹಳ ಕಾಲ ಹಿಡಿಯಿತು.

ಅಮೆರಿಕದಲ್ಲಿ 1960ರ ದಶಕದಲ್ಲಿ ವರ್ತನೆಯನ್ನು ತಿದ್ದುವ ವಿಜ್ಞಾನ ಬಲಗೊಂಡಿತು. ಬಹುಮಾನ ಸಿಕ್ಕ ನಡವಳಿಕೆ ಮರುಕಳಿಸುತ್ತದೆ, ಸಿಗದ್ದು ಕ್ರಮೇಣ ಆರುತ್ತದೆ ಎಂಬುದು ಅದರ ಮೂಲ ತಿಳಿವಳಿಕೆ. ಅದೇ ಹೊತ್ತಿನಲ್ಲಿ ಆಟಿಸಂ, ಅಂದರೆ ಮಾತು ಮತ್ತು ಒಡನಾಟ ಕಷ್ಟವಾಗುವ ಬೆಳವಣಿಗೆಯ ಸ್ಥಿತಿ, ಇದ್ದ ಮಕ್ಕಳಿಗೆ ಕೂಗಿ ಗದರುವುದು, ಹೊಡೆಯುವುದು, ವಿದ್ಯುತ್ ಆಘಾತ ಕೊಡುವುದು ಸಹ ವಿಜ್ಞಾನದ ಹೆಸರಿನಲ್ಲಿ ನಡೆದವು. ಬೆತ್ತದ ಜಾಗಕ್ಕೆ ತಂತಿ ಬಂದಿತ್ತು, ಅಷ್ಟೇ.

ದಿಕ್ಕು ಬದಲಿಸಿದ ಕೆಲಸಗಳಲ್ಲಿ ಒಂದು 1985ರದು. ಎಡ್ವರ್ಡ್ ಕಾರ್ ಮತ್ತು ಮಾರ್ಕ್ ಡ್ಯೂರಾಂಡ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ನಾಲ್ಕು ಮಕ್ಕಳನ್ನು ಗಮನಿಸಿದರು. ಕೆಲವರ ರಂಪ ಕಷ್ಟದ ಪಾಠ ಎದುರಾದಾಗ ಹೆಚ್ಚುತ್ತಿತ್ತು, ಕೆಲವರದು ಯಾರೂ ತಮ್ಮತ್ತ ನೋಡದಿದ್ದಾಗ. ಮೊದಲಿನವರಿಗೆ ‘ನನಗೆ ತಿಳಿಯಲಿಲ್ಲ’ ಎಂದು ಹೇಳಿ ಸಹಾಯ ಪಡೆಯುವುದನ್ನು ಕಲಿಸಿದರು. ಎರಡನೆಯವರಿಗೆ ‘ನಾನು ಚೆನ್ನಾಗಿ ಮಾಡುತ್ತಿದ್ದೇನೆಯೇ?’ ಎಂದು ಕೇಳಿ ಮೆಚ್ಚುಗೆ ಪಡೆಯುವುದನ್ನು ಕಲಿಸಿದರು. ರಂಪ ಇಳಿಯಿತು. ಮಗುವಿನ ಅಗತ್ಯಕ್ಕೆ ಹೊಂದದ ಬೇರೆ ವಾಕ್ಯ ಕಲಿಸಿದಾಗ ಇಳಿಯಲಿಲ್ಲ. ರಂಪವೂ ಒಂದು ಮಾತೇ ಆಗಿತ್ತು. ಅದೇ ಕೆಲಸ ಮಾಡುವ ಒಳ್ಳೆಯ ಮಾತು ಸಿಕ್ಕಾಗ ಮಗು ರಂಪವನ್ನು ಬಿಟ್ಟಿತು.

ದೊಡ್ಡವರ ಪಾತ್ರವನ್ನು ತೋರಿಸಿಕೊಟ್ಟದ್ದು ಅಮೆರಿಕದ ಮನಶ್ಶಾಸ್ತ್ರಜ್ಞ ಜೆರಾಲ್ಡ್ ಪ್ಯಾಟರ್ಸನ್. ತಾಯಿ ಕೆಲಸ ಹೇಳುತ್ತಾಳೆ, ಮಗು ಕಿರುಚುತ್ತದೆ, ತಾಯಿ ಗದರುತ್ತಾಳೆ, ಮಗು ಇನ್ನೂ ಜೋರಾಗಿ ಕಿರುಚುತ್ತದೆ. ಕೊನೆಗೆ ತಾಯಿ ಸೋತು ‘ಹಾಳಾಗಿ ಹೋಗು’ ಎಂದು ಸುಮ್ಮನಾಗುತ್ತಾಳೆ. ಮಗುವಿಗೆ ಕೆಲಸ ತಪ್ಪಿತು, ತಾಯಿಗೆ ಗಲಾಟೆ ತಪ್ಪಿತು. ಇಬ್ಬರಿಗೂ ಲಾಭವಾದ್ದರಿಂದ ನಾಳೆಯೂ ಅದೇ ಆಟ, ಒಂದು ಮೆಟ್ಟಿಲು ಮೇಲಿನಿಂದ. ನಮ್ಮ ಮನೆಯಲ್ಲಿ ವರ್ಷಗಟ್ಟಲೆ ನಡೆದದ್ದು ಇದೇ. ಡೈರಿ ಬರೆದ ಆ ತರಗತಿಯಲ್ಲಿಯೂ ಇದೇ ನಡೆದಿರಬೇಕು.

ಈ ತಿಳಿವಳಿಕೆ ನಮ್ಮ ದೇಶದ ವಿಶೇಷ ಶಿಕ್ಷಕರ ಕೈಗೆ ಬರುವಂತೆ ಮಾಡಿದವರಲ್ಲಿ ಇಬ್ಬರನ್ನು ನೆನೆಯಲೇಬೇಕು. ಸಿಕಂದರಾಬಾದಿನ, ಬುದ್ಧಿಮಾಂದ್ಯರಿಗಾಗಿನ ರಾಷ್ಟ್ರೀಯ ಸಂಸ್ಥೆಯಲ್ಲಿದ್ದ ರೀಟಾ ಪೇಶಾವರಿಯಾ ಮತ್ತು ಎಸ್. ವೆಂಕಟೇಶನ್ 1992ರಲ್ಲಿ ಭಾರತೀಯ ಮಕ್ಕಳಿಗೆಂದೇ ವರ್ತನೆಯನ್ನು ಅಳೆಯುವ ಒಂದು ಪಟ್ಟಿ ಸಿದ್ಧಪಡಿಸಿದರು. ವೆಂಕಟೇಶನ್ ಮುಂದೆ ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿಯೇ ಪ್ರಾಧ್ಯಾಪಕರಾದರು. ಪಟ್ಟಿಯ ಎರಡನೆಯ ಭಾಗದಲ್ಲಿ 75 ಸಮಸ್ಯಾತ್ಮಕ ವರ್ತನೆಗಳಿವೆ, 10 ಗುಂಪುಗಳಲ್ಲಿ. ಎದುರು ನಿಲ್ಲುವುದಕ್ಕೆ ಒಂದು ಗುಂಪು, ರಂಪಕ್ಕೆ ಇನ್ನೊಂದು. ಪ್ರತಿಯೊಂದಕ್ಕೂ ಇಲ್ಲವೇ ಇಲ್ಲ, ಆಗಾಗ, ಪದೇ ಪದೇ ಎಂದು ಅಂಕ ಹಾಕಬೇಕು. ನೋಡಲು ಸಾಧಾರಣವಾದ ಪಟ್ಟಿ. ಆದರೆ ‘ಇವನು ಮೊಂಡ’ ಎಂಬ ತೀರ್ಪನ್ನು ಬದಿಗಿಟ್ಟು ‘ಯಾವ ವರ್ತನೆ, ಎಷ್ಟು ಸಲ’ ಎಂದು ಕೇಳುವಂತೆ ಅದು ಶಿಕ್ಷಕರನ್ನು ಒತ್ತಾಯಿಸುತ್ತದೆ. ಅದರ ದೊಡ್ಡ ಉಪಕಾರ ಇದು ಎಂದು ನನಗನಿಸುತ್ತದೆ.

ಕಾನೂನೂ ಹಿಂದೆಯೇ ಬಂತು. 1995ರ ಕಾಯ್ದೆ ಅಂಗವಿಕಲ ಮಕ್ಕಳ ಶಿಕ್ಷಣವನ್ನು ಸರ್ಕಾರದ ಹೊಣೆಯಾಗಿಸಿತು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿತು, 16ನೇ ಸೆಕ್ಷನ್ ಪ್ರಾಥಮಿಕ ಶಿಕ್ಷಣ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕಬಾರದೆಂದಿತು. 2016ರ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿತು. ಬೆತ್ತ ಹೋಯಿತು. ಆದರೆ ಬೆತ್ತದ ಜಾಗದಲ್ಲಿ ಏನು ಮಾಡಬೇಕೆಂದು ತಿಳಿಯದ ಶಿಕ್ಷಕಿ ‘ಮನೆಯಲ್ಲಿ ಇರಿಸಿಕೊಳ್ಳಿ’ ಎಂದು ಡೈರಿಯಲ್ಲಿ ಬರೆಯುತ್ತಾಳೆ. ಅವಳನ್ನು ದೂರಲು ನನಗೆ ಮನಸ್ಸಿಲ್ಲ. ಮಕ್ಕಳು ತುಂಬಿದ ಕೋಣೆಯಲ್ಲಿ ಒಬ್ಬಳೇ ನಿಂತು ಒಂದು ಮಗುವಿನ ಬೈಗುಳಕ್ಕೆ ಕಾರಣ ಹುಡುಕುವುದು ಸುಲಭವಲ್ಲ.

ಇನ್ನೊಂದು ತೊಡಕು ನಮ್ಮ ಭಾಷೆಯದೇ. ಕನ್ನಡದಲ್ಲಿ ಏಕವಚನವೇ ಬೈಗುಳವಾಗಬಲ್ಲದು. ‘ಹೋಗಿ’ ಎಂಬ ಬಹುವಚನ ಯಾರಿಗೆ, ಯಾವಾಗ ಎಂಬುದು ಎದುರಿಗಿರುವವರ ವಯಸ್ಸು, ಸ್ಥಾನ, ಸಲುಗೆಗಳನ್ನೆಲ್ಲ ಅಳೆದು ತೀರ್ಮಾನಿಸುವ ಸೂಕ್ಷ್ಮ ವಿದ್ಯೆ. ಮಾತೇ ತಡವಾದ ಮಗುವಿಗೆ ಅದು ಬಹಳ ದೂರದ ಮೆಟ್ಟಿಲು. ಮಂಡ್ಯದ ಹಳ್ಳಿಯ ಮನೆಯಲ್ಲಿ ಅವ್ವನಿಗೂ ದೇವರಿಗೂ ಏಕವಚನವೇ. ನಮ್ಮ ಹುಡುಗ ಹೆಂಗಸಾದ ಶಿಕ್ಷಕಿಗೂ ‘ಹೋಗೋ’ ಎಂದಿದ್ದ, ‘ಹೋಗೇ’ ಎಂದಲ್ಲ. ಅವನ ಕಿವಿಗೆ ದಿನವೂ ಬೀಳುತ್ತಿದ್ದುದು ಅದೇ: ಆಟಕ್ಕೆ ಹೋಗೋ, ಆಚೆ ಹೋಗೋ. ತನಗೆ ಹೇಳಿದ್ದನ್ನೇ ಅವನು ತಿರುಗಿಸಿ ಹೇಳುತ್ತಿದ್ದ. ಆಟಿಸಂ ಇರುವ ಮಕ್ಕಳು ಕೇಳಿದ ಮಾತನ್ನು ಕೇಳಿದಂತೆಯೇ ಒಪ್ಪಿಸುವುದನ್ನು ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ 1943ರಲ್ಲಿಯೇ ದಾಖಲಿಸಿದ್ದರು.

ನಮಗೆ ದಾರಿ ತೋರಿಸಿದ್ದು ಒಬ್ಬ ಹಿರಿಯ ವಿಶೇಷ ಶಿಕ್ಷಕಿ. ನೋಟುಪುಸ್ತಕದಲ್ಲಿ ಮೂರು ಅಂಕಣ ಎಳೆಸಿದರು: ಮುಂಚೆ ಏನಾಗಿತ್ತು, ಮಗು ಏನು ಮಾಡಿತು, ಆಮೇಲೆ ಏನಾಯಿತು. ಎರಡು ವಾರ ಬರೆದಾಗ ಬೈಗುಳವೆಲ್ಲ ಒಂದೇ ಕಡೆ ರಾಶಿ ಬಿದ್ದಿರುವುದು ಕಾಣಿಸಿತು. ಊಟದ ನಂತರ, ಮಣಿ ಪೋಣಿಸುವ ಹೊತ್ತಿನಲ್ಲಿ. ಅವನ ಬೆರಳುಗಳಿಗೆ ಆ ದಾರ ಹಿಡಿಯುವುದೇ ಆಗುತ್ತಿರಲಿಲ್ಲ. ಅವರು ಮಣಿಗಳನ್ನು ದೊಡ್ಡದು ಮಾಡಿದರು, ಹತ್ತರ ಬದಲು ಮೂರು ಕೊಟ್ಟರು, ‘ಸಾಕು’ ಎಂಬ ಒಂದೇ ಪದವನ್ನು ಕೈಸನ್ನೆಯೊಂದಿಗೆ ಕಲಿಸಿದರು. ಅವನು ಹಾಗೆಂದ ತಕ್ಷಣ ಮಣಿ ಎತ್ತಿಡಬೇಕು, ತಡಮಾಡಬಾರದು. ಬೈದರೆ ಮುಖ ಕೆಡಿಸದೆ, ಉಪದೇಶ ಮಾಡದೆ, ತಗ್ಗಿದ ದನಿಯಲ್ಲಿ ‘ಸಾಕು’ ಎಂಬುದನ್ನು ನೆನಪಿಸಬೇಕು. ಸಿಟ್ಟು ನೆತ್ತಿಗೇರಿದಾಗ ಬುದ್ಧಿ ಹೇಳಬಾರದು, ಇಳಿದ ಮೇಲೆಯೇ ಮಾತು.

ಮೊದಲ ದಿನಗಳಲ್ಲಿ ಬೈಗುಳ ಹೆಚ್ಚಾಯಿತು. ಹಳೆಯ ಕೀಲಿ ತಿರುಗದಿದ್ದಾಗ ನಾವೂ ಜೋರಾಗಿ ತಿರುಗಿಸುತ್ತೇವಲ್ಲ, ಹಾಗೆ. ಆ ಹೊತ್ತಿನಲ್ಲಿ ಸೋತು ಬಿಟ್ಟುಕೊಟ್ಟರೆ ಇನ್ನೂ ಜೋರಾಗಿ ಬೈಯಬೇಕೆಂದು ಅವನಿಗೆ ಕಲಿಸಿದಂತೆ ಎಂದು ಅವರು ಮೊದಲೇ ಎಚ್ಚರಿಸಿದ್ದರು. ಅಕ್ಕ ಹಲ್ಲು ಕಚ್ಚಿ ತಡೆದುಕೊಂಡಳು.

ತಿಂಗಳು ಕಳೆದಿತ್ತು. ಒಂದು ರಾತ್ರಿ ಊಟಕ್ಕೆ ಕುಳಿತಾಗ ನಾನು ಅಭ್ಯಾಸಬಲದಿಂದ ಅವನ ತಟ್ಟೆಗೆ ಇನ್ನೊಂದು ಮುದ್ದೆ ಇಡಲು ಹೋದೆ. ಅವನು ಅಂಗೈಯನ್ನು ತಟ್ಟೆಯ ಮೇಲೆ ಅಡ್ಡ ಹಿಡಿದು, ನನ್ನ ಮುಖ ನೋಡಿ, ‘ಸಾಕು’ ಎಂದ. ನಾನು ಮುದ್ದೆಯನ್ನು ಪಾತ್ರೆಗೆ ಹಿಂದಕ್ಕೆ ಹಾಕಿದೆ.