ಮೆಗ್ನೀಸಿಯಂನಲ್ಲಿ ಹೈಡ್ರೋಜನ್: ಕೆಲಸ ನಡೆಯುವುದು ಗಡಿಯಲ್ಲಿ

ಮಳೆಗಾಲದಲ್ಲಿ ಕೊಡಗಿನ ಕರೆಂಟಿನ ಪಾಡು ಎಲ್ಲರಿಗೂ ಗೊತ್ತಿರುವುದೇ. ಭಾಗಮಂಡಲದ ಕಡೆ ಮರ ಬಿದ್ದು ಲೈನ್ ಹರಿದರೆ ತೋಟದ ಮನೆಗಳಿಗೆ ಡೀಸೆಲ್ ಜನರೇಟರೇ ಗತಿ. ಮಾರ್ಚ್ ಬಿಸಿಲಿನ ಸೋಲಾರ್ ಕರೆಂಟಿನಿಂದ ಹೈಡ್ರೋಜನ್ ಮಾಡಿ ಜುಲೈಗೆ ಎತ್ತಿಟ್ಟರೆ ಹೇಗೆ? ತೊಡಕಿರುವುದು ಎತ್ತಿಡುವುದರಲ್ಲೇ. ದ್ರವ ಮಾಡಬೇಕಾದರೆ ಮೈನಸ್ 253 ಡಿಗ್ರಿಗೆ ತಣಿಸಬೇಕು. ಅದಕ್ಕೇ ವಿಜ್ಞಾನಿಗಳ ಕಣ್ಣು ಮೆಗ್ನೀಸಿಯಂ ಮೇಲೆ ಬಿತ್ತು. ಅಗ್ಗದ ಲೋಹ, ಅದು ಹೈಡ್ರೋಜನ್ ಜೊತೆ ಸೇರಿ ಆಗುವ ಘನವಸ್ತುವಾದ ಹೈಡ್ರೈಡ್‌ನ ತೂಕದಲ್ಲಿ 7.6% ಹೈಡ್ರೋಜನ್ನೇ.

1951ರಲ್ಲಿ ಜರ್ಮನಿಯ ಎಗಾನ್ ವೈಬರ್ಗ್ ತಂಡ ಮೆಗ್ನೀಸಿಯಂ, ಹೈಡ್ರೋಜನ್ ಎರಡನ್ನು ನೇರವಾಗಿ ಸೇರಿಸಿತು. ಅದಕ್ಕೆ 570 ಡಿಗ್ರಿ ಬಿಸಿ ಮತ್ತು ಗಾಳಿಯ 200 ಪಟ್ಟು ಒತ್ತಡ ಬೇಕಾಯಿತು. ಯಾಕಿಷ್ಟು ಹಠ? ಕಾಫಿ ಹಣ್ಣನ್ನು ಜಾಸ್ತಿ ಬಿಸಿಯಲ್ಲಿ ಬೇಗ ಒಣಗಿಸಿದರೆ ಮೇಲೆ ಗಟ್ಟಿಯಾಗಿ ಒಳಗೆ ಹಸಿ ಉಳಿಯುತ್ತದೆ, ಅಲ್ವಾ? ಇಲ್ಲೂ ಹಾಗೇ. ಮೊದಲು ಮೇಲ್ಪದರ ಹೈಡ್ರೈಡ್ ಆಗುತ್ತದೆ. ಆ ಪದರದೊಳಗೆ ಹೈಡ್ರೋಜನ್ ಬಲು ನಿಧಾನಕ್ಕೆ ಸಾಗುತ್ತದೆ, ಒಳಗಿನ ಲೋಹ ಹಾಗೇ ಉಳಿಯುತ್ತದೆ.

1968ರಲ್ಲಿ ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ ರೈಲಿ ಮತ್ತು ವಿಸ್ವಾಲ್ ನಿಕ್ಕಲ್ ಬೆರೆಸಿದರು. ವೇಗ ಬಂತು, ಆದರೆ ಹಿಡಿಯುವ ಹೈಡ್ರೋಜನ್ 3.6%ಕ್ಕೆ ಇಳಿಯಿತು. ದಾರಿ ಬದಲಾದದ್ದು 1990ರ ದಶಕದಲ್ಲಿ. ಉಕ್ಕಿನ ಡಬ್ಬಿಯಲ್ಲಿ ಪುಡಿಯ ಜೊತೆ ಗುಂಡುಗಳನ್ನು ಹಾಕಿ ಗಂಟೆಗಟ್ಟಲೆ ಕುಲುಕುವ ಬಾಲ್ ಮಿಲ್ಲಿಂಗ್ ಬಂತು. ಕೆನಡಾದ ತಂಡಗಳು ಟೈಟಾನಿಯಂ, ವನೇಡಿಯಂನಂಥ ಲೋಹಗಳನ್ನು ಸ್ವಲ್ಪವೇ ಬೆರೆಸಿ ಹೀಗೆ ಅರೆದಾಗ ವೇಗ ಏಕ್‌ದಂ ಏರಿತು.

ನನಗೆ ಇಡೀ ಕತೆಯಲ್ಲಿ ತುಂಬಾ ಹಿಡಿಸುವುದು ಇದೇ. ಟೈಟಾನಿಯಂ ಮೆಗ್ನೀಸಿಯಂನಲ್ಲಿ ಕರಗಿ ಒಂದಾಗುವುದಿಲ್ಲ. ಟೈಟಾನಿಯಂ ಹೈಡ್ರೈಡ್‌ನ ನ್ಯಾನೋಮೀಟರ್ ಗಾತ್ರದ ಚೂರುಗಳಾಗಿ ಪಕ್ಕಪಕ್ಕ ಕೂರುತ್ತದೆ. ಎರಡೂ ತಾಗುವ ಗಡಿಯೇ ಹೈಡ್ರೋಜನ್‌ಗೆ ಓಡಾಡುವ ದಾರಿ, ಹೊಸ ಹೈಡ್ರೈಡ್ ಮೊಳೆಯುವ ಜಾಗವೂ ಅದೇ. ಅಂದರೆ ಏನು ಬೆರೆಸಿದಿರಿ ಅನ್ನುವಷ್ಟೇ, ಅದು ಹೇಗೆ ಕೂತಿದೆ ಅನ್ನುವುದೂ ಮುಖ್ಯ. ಗಡಿಯಲ್ಲಿ ಆಕ್ಸೈಡ್ ಪದರ ಕಟ್ಟಿದರೆ ದಾರಿ ಬಂದ್.

ಆದರೆ ಈ ಗಡಿ ಸುಮ್ನೆ ಉಳಿಯುವುದಿಲ್ಲ. ಹೈಡ್ರೋಜನ್ ಒಳಗೆ ಬಂದಾಗ ಮೆಗ್ನೀಸಿಯಂ ಸುಮಾರು 30% ಉಬ್ಬುತ್ತದೆ, ಹೋದಾಗ ಕುಗ್ಗುತ್ತದೆ. ಮತ್ತೆ ಮತ್ತೆ ಬಿಸಿಯಾದಂತೆ ಸಣ್ಣ ಹರಳುಗಳು ಕೂಡಿ ದಪ್ಪಗಾಗುತ್ತವೆ, ಗಡಿಗಳು ಕಡಿಮೆಯಾಗುತ್ತವೆ, ವೇಗ ಕುಸಿಯುತ್ತದೆ.

ಇನ್ನೊಂದು ಮಾತು. ಒಳ್ಳೆಯ ಗಡಿ ವೇಗ ಕೊಡುತ್ತದೆ, ಬೇಕಾದ ಬಿಸಿಯನ್ನು ಹೆಚ್ಚೇನೂ ತಗ್ಗಿಸುವುದಿಲ್ಲ. ಸಾಮಾನ್ಯ ಒತ್ತಡದಲ್ಲಿ ಹೈಡ್ರೋಜನ್ ಬಿಡಿಸಲು 280 ಡಿಗ್ರಿ ಆಸುಪಾಸು ಬೇಕೇ ಬೇಕು. ಆ ಹೈಡ್ರೋಜನ್‌ನಲ್ಲಿರುವ ಶಕ್ತಿಯ ಮೂರನೇ ಒಂದು ಪಾಲಿನಷ್ಟು ಅದಕ್ಕೇ ಹೋಗುತ್ತದೆ. ಕಾರಿಗೆ ಇದು ದೊಡ್ಡ ಅಡ್ಡಿ. ತೋಟದ ಮೂಲೆಯಲ್ಲಿ ನಿಂತೇ ಇರುವ ಟ್ಯಾಂಕಿಗೆ ಅಷ್ಟಿಲ್ಲ. ನಮ್ಮ ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ ಕಾಫಿ ಹೊಟ್ಟು ರಾಶಿ ಬೀಳುತ್ತದೆ. ಅದನ್ನು ಉರಿಸಿ ಆ ಬಿಸಿ ಕೊಡಲು ಆಗುತ್ತದಾ ಅಂತ ಇಲ್ಲಿಯೇ ಯಾರಾದರೂ ಪರೀಕ್ಷೆ ಮಾಡಿ ನೋಡಬೇಕು.