ಪ್ರತಿ ಲೋಕದಲ್ಲೂ ಅದೇ ಸೇತುವೆ

ನಕ್ಷೆ ಬಿಚ್ಚುವ ಮೊದಲೇ ಗೆಳೆಯ ಕೇಳಿದ, "ಈ ಸಲಾನೂ ಸೇತುವೆ ಹತ್ರ ಒಬ್ಬ ಮುದುಕ ಕಾವಲಿಗಿದ್ದಾನಾ ಮಾರಾಯ?"

ಇದ್ದ.

ಮುಂಬಯಿಯ ಮಾಟುಂಗದ ಅವನ ಮನೆಯಲ್ಲಿ ಭಾನುವಾರ ನಾವು ಐದು ಜನ ದಾಳ ಉರುಳಿಸಿ ಕಥೆಯಾಟ ಆಡುತ್ತೇವೆ. ಕಥೆ ನಡೆಯುವ ಲೋಕ ಕಟ್ಟುವುದು ನನ್ನ ಕೆಲಸ. ಆ ರಾತ್ರಿ ನೆರೂಲಿನ ನನ್ನ ಮನೆಗೆ ಬಂದವನೇ ಹಳೆಯ ನಕ್ಷೆಗಳನ್ನೆಲ್ಲ ನೆಲದ ಮೇಲೆ ಹಾಸಿದೆ. ಮರಳುಗಾಡು, ಹಿಮದ ನಾಡು, ತೇಲುವ ಊರು, ಹೀಗೆ ಏಳು ಲೋಕ. ಆರರಲ್ಲಿ ಊರು ಎರಡು ಹೋಳು, ನಡುವೆ ನೀರೋ ಕಣಿವೆಯೋ, ದಾಟಲು ಒಂದೇ ಸೇತುವೆ, ಅಲ್ಲೊಬ್ಬ ಮುದುಕ. ಒಂದೊಂದನ್ನೂ ಹೊಸದು ಅಂದುಕೊಂಡೇ ಬರೆದಿದ್ದೆ.

ಅಮೆರಿಕದ ಮನೋವಿಜ್ಞಾನಿ ಥಾಮಸ್ ವಾರ್ಡ್ 1994ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ಬೇರೆ ಗ್ರಹದ ಪ್ರಾಣಿಯೊಂದನ್ನು ಊಹಿಸಿ ಚಿತ್ರ ಬರೆಯಿರಿ ಎಂದು ಕಾಲೇಜು ವಿದ್ಯಾರ್ಥಿಗಳಿಗೆ ಹೇಳಿದರು. ಕಡಿವಾಣವೇ ಇರಲಿಲ್ಲ. ಆದರೂ ಹೆಚ್ಚಿನವರ ಪ್ರಾಣಿಗೆ ಕಣ್ಣಿತ್ತು, ಕಾಲಿತ್ತು, ಎಡಬಲ ಒಂದೇ ಥರ ಇತ್ತು. ಅದಕ್ಕೆ ಗರಿ ಇದೆ ಎಂದು ಹೇಳಿದರೆ ಸಾಕು, ರೆಕ್ಕೆ, ಕೊಕ್ಕು ತಾವಾಗಿ ಬಂದುಬಿಡುತ್ತಿದ್ದವು. ಕಲ್ಪನೆ ಶೂನ್ಯದಿಂದ ಶುರುವಾಗುವುದಿಲ್ಲ. ಕೈಗೆ ಹತ್ತಿರ ಇರುವ ಉದಾಹರಣೆಯನ್ನು ಎತ್ತಿಕೊಂಡು ಅದನ್ನೇ ಒಂಚೂರು ತಿದ್ದುತ್ತದೆ.

ನನ್ನ ಉದಾಹರಣೆ ಎಲ್ಲಿಯದು ಅಂತ ಹುಡುಕಬೇಕಾಗಲಿಲ್ಲ. ಚಿಕ್ಕಂದಿನಿಂದ ಹಾರ್ಬರ್ ಲೈನಿನ ಲೋಕಲ್ ರೈಲಿನಲ್ಲಿ ವಾಶಿ ಬಿಟ್ಟು ಮಾನ್‌ಖುರ್ದ್ ಕಡೆ ಹೋಗುವಾಗಲೆಲ್ಲ, ಒಳನಾಡಿಗೆ ಚಾಚಿದ ಸಮುದ್ರದ ತೋಳಾದ ಠಾಣೆ ಖಾಡಿಯ ಸೇತುವೆ ದಾಟಿದ್ದೇನೆ.

ಇದು ಮೊದಲೇ ಯಾಕೆ ಕಾಣಲಿಲ್ಲ? ಚೆಸ್ ಆಟಗಾರರ ಮೇಲೆ 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಉತ್ತರವಿದೆ ಅನ್ನಿಸುತ್ತದೆ. ಪರಿಚಿತ ನಡೆಯೊಂದು ಹೊಳೆದ ಮೇಲೆ, ಅದಕ್ಕಿಂತ ಒಳ್ಳೆಯದನ್ನು ಹುಡುಕುತ್ತಿದ್ದೇವೆ ಎಂದು ಅವರು ಹೇಳಿದರು. ಕಣ್ಣಿನ ಚಲನೆ ಅಳೆದರೆ, ನೋಟ ಮತ್ತೆ ಮತ್ತೆ ಮೊದಲ ನಡೆಯ ಮನೆಗಳಿಗೇ ಹೋಗುತ್ತಿತ್ತು. ಅವರು ಸುಳ್ಳು ಹೇಳಿರಲಿಲ್ಲ. ಬೇರೆಯದನ್ನು ಹುಡುಕುತ್ತಿದ್ದೇವೆ ಅನ್ನುವ ಅನುಭವ ನಿಜವಾದದ್ದೇ. ಹಾಗಾಗಿ ಒಂದು ಲೋಕದ ಒಳಗೆ ಕೂತು ಎಷ್ಟು ಯೋಚಿಸಿದರೂ ಅಭ್ಯಾಸ ಕಾಣುವುದಿಲ್ಲ. ಏಳನ್ನೂ ಪಕ್ಕಪಕ್ಕ ಇಡಬೇಕು. ಇಲ್ಲವೇ ಎಲ್ಲದರಲ್ಲೂ ಆಡಿದ ಗೆಳೆಯನ ಮಾತು ಕೇಳಬೇಕು.

ವಾರ್ಡ್ ಮತ್ತು ಜೊತೆಗಾರರು ಇನ್ನೊಂದನ್ನೂ ಕಂಡರು. ಗೊತ್ತಿರುವ ಪ್ರಾಣಿಯನ್ನು ನೆನೆಯುವ ಬದಲು, ಆ ಪರಿಸರದಲ್ಲಿ ಬದುಕಲು ಜೀವಿಗೆ ಏನು ಬೇಕು ಎಂದು ಯೋಚಿಸಿದವರ ಕಲ್ಪನೆ ಹೆಚ್ಚು ಹೊಸದಾಗಿತ್ತು. ಇದು ನನಗೆ ತುಂಬಾ ಉಪಯೋಗಕ್ಕೆ ಬಂತು.

ಮುದುಕನನ್ನು ಬಿಟ್ಟೆ. ಅವನು ಎಲ್ಲೋ ಓದಿದ್ದು, ಸುಮ್ನೆ ಬಂದು ಕೂತವನು. ಖಾಡಿಯನ್ನು ಬಿಡಲಿಲ್ಲ, ಅದು ನನ್ನದು. ಆದರೆ ಸೇತುವೆ ಬರೆಯುವ ಮೊದಲು ಕೇಳಿಕೊಂಡೆ, ಇಲ್ಲಿನ ಜನ ಆಚೆ ದಡಕ್ಕೆ ಹೇಗೆ ಹೋಗುತ್ತಾರೆ? ಆಗ ನೆನಪಾದದ್ದು ನೀರಿಳಿದಾಗ ಕಾಣುವ ಕೆಸರು, ಅದರಲ್ಲಿ ಸಾಲಾಗಿ ನಿಂತ ಫ್ಲೆಮಿಂಗೋಗಳು. ಈ ಎಂಟನೇ ಲೋಕದಲ್ಲಿ ಸೇತುವೆಯೇ ಇಲ್ಲ. ದಿನಕ್ಕೆ ಎರಡು ಸಲ ನೀರು ಇಳಿಯುತ್ತದೆ, ಜನ ಕೆಸರಿನಲ್ಲಿ ನಡೆದು ದಾಟುತ್ತಾರೆ. ಮದುವೆ, ಸಂತೆ, ಜಗಳ, ಎಲ್ಲವೂ ನೀರು ಮತ್ತೆ ಏರುವುದರೊಳಗೆ ಮುಗಿಯಬೇಕು.