ಗಾಳ ಹಾಕುವ ಮೊದಲು ಹಳ್ಳವನ್ನು ಓದುವುದು: ಟ್ರೌಟ್ ಪಾಠದ ಟಿಪ್ಪಣಿ

ಮೂಡಿಗೆರೆ ಕಡೆಯ ನಮ್ಮ ಹಳ್ಳಗಳಲ್ಲಿ ಟ್ರೌಟ್ ಎಂಬ ತಣ್ಣೀರಿನ ಮೀನು ಇಲ್ಲ. ಆದರೂ ಟ್ರೌಟ್ ಹಿಡಿಯುವ ವಿದ್ಯೆಯ ಮುಕ್ಕಾಲು ಪಾಲನ್ನು ನಮ್ಮ ಹಳ್ಳದ ದಂಡೆಯಲ್ಲಿ ಕುಳಿತೇ ಕಲಿಯಬಹುದು. ಮುಂದೊಂದು ದಿನ ಹಿಮಾಚಲದ ತೀರ್ಥನ್ ಕಣಿವೆಗೆ ಹೋಗಿ, ಪರವಾನಗಿ ಪಡೆದು ಗಾಳ ಹಾಕಬೇಕೆಂದಿರುವ ಗೆಳೆಯರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಇಲ್ಲಿ ಏಕಿಲ್ಲ ಎಂಬುದನ್ನು ಮೊದಲು ತಿಳಿಯೋಣ. ಕಂದು ಟ್ರೌಟ್ ಯುರೋಪಿನ ಕಡೆಯದು, ರೇನ್‌ಬೋ ಟ್ರೌಟ್ ಪೆಸಿಫಿಕ್ ಸಾಗರದ ಉತ್ತರ ಅಂಚಿನ ನದಿಗಳದು. ಬ್ರಿಟಿಷರ ಕಾಲದಲ್ಲಿ ಅವನ್ನು ಕಾಶ್ಮೀರಕ್ಕೂ ನೀಲಗಿರಿಗೂ ತಂದು ಬಿಟ್ಟರು. ಊಟಿ ಬಳಿಯ ಅವಲಾಂಚಿಯಲ್ಲಿ 1907ರಲ್ಲಿ ಮೀನುಮರಿ ಕೇಂದ್ರ ಆರಂಭವಾಯಿತು. ಈ ಮೀನಿಗೆ ಹಿತವಾದ ನೀರು ಸುಮಾರು 10ರಿಂದ 16 ಡಿಗ್ರಿ ಸೆಲ್ಸಿಯಸ್. 20 ದಾಟಿದರೆ ಬಳಲುತ್ತದೆ. ಬಿಸಿಯೇರಿದಂತೆ ನೀರು ಹಿಡಿದಿಟ್ಟುಕೊಳ್ಳುವ ಆಮ್ಲಜನಕವೂ ಇಳಿಯುತ್ತದೆ: ಸಮುದ್ರಮಟ್ಟದಲ್ಲಿ 10 ಡಿಗ್ರಿಯ ನೀರಿನಲ್ಲಿ ಲೀಟರಿಗೆ ಸುಮಾರು 11 ಮಿಲಿಗ್ರಾಂ, 25 ಡಿಗ್ರಿಯಲ್ಲಿ 8ರ ಆಸುಪಾಸು. ಏಪ್ರಿಲಿನಲ್ಲಿ ನಮ್ಮ ತೋಟದ ಕೆಳಗಿನ ಹಳ್ಳಕ್ಕೆ ಥರ್ಮಾಮೀಟರ್ ಇಳಿಬಿಟ್ಟಾಗ ನೆರಳಿನಲ್ಲೇ 23 ತೋರಿಸಿತು. ನನಗೆ ಅಷ್ಟು ಸಾಕಾಯಿತು.

ಈಗ ಮುಖ್ಯ ವಿಷಯ. ಹರಿಯುವ ನೀರಿನ ಮೀನು ಲೆಕ್ಕಾಚಾರದ ಜೀವಿ. ಸೆಳವಿನಲ್ಲಿ ನಿಂತರೆ ಮೈಬಲ ಖರ್ಚು, ನಿಂತ ನೀರಿಗೆ ಸರಿದರೆ ಮೇವಿಲ್ಲ. ಹಾಗಾಗಿ ಅದು ಎರಡರ ಗಡಿಯನ್ನು ಆರಿಸಿಕೊಳ್ಳುತ್ತದೆ: ಬಂಡೆಯ ಹಿಂದಿನ ಮರೆ, ಬಂಡೆಯ ಮುಂದೆ ನೀರು ಒತ್ತಿ ಮೆತ್ತಗಾಗುವ ಜಾಗ, ಮಡುವಿನ ತಲೆಯಲ್ಲಿ ಬಿಳಿನೊರೆ ಮುಗಿದು ನೀರು ಕಪ್ಪಾಗುವ ಅಂಚು, ದಡ ಕೊರೆದು ಬೇರುಗಳು ಇಳಿಬಿದ್ದಿರುವ ಪೊಟರೆ. ನೊರೆಯ ಗೆರೆ ಎಲ್ಲಿ ಸಾಗುತ್ತದೋ ಮೇವೂ ಅಲ್ಲೇ ಸಾಗುತ್ತದೆ. ಒಂದು ಒಣ ಎಲೆಯನ್ನು ಬಿಟ್ಟು ನೋಡಿ. ಅದು ಎಲ್ಲಿ ತಡೆಯುತ್ತದೆ, ಎಲ್ಲಿ ಸುತ್ತುತ್ತದೆ ಎಂಬುದನ್ನು ಕಂಡರೆ ಮೀನಿನ ವಿಳಾಸ ಅರ್ಧ ಸಿಕ್ಕಂತೆ.

ಮೇವು ಎಂದರೇನು? ಹಳ್ಳದ ಕಲ್ಲೊಂದನ್ನು ಮಗುಚಿ. ಅಡಿಯಲ್ಲಿ ಮರಳಿನ ಕಣಗಳನ್ನು ಒಂದಕ್ಕೊಂದು ಅಂಟಿಸಿದ, ಅಕ್ಕಿಕಾಳಿನುದ್ದದ ಕೊಳವೆಗಳು ಕಾಣುತ್ತವೆ. ಅದು ಕ್ಯಾಡಿಸ್ ಎಂಬ ಕೀಟದ ಮರಿಯ ಮನೆ; ತನ್ನದೇ ರೇಷ್ಮೆಯಿಂದ ಹೊಲಿದುಕೊಂಡದ್ದು. ಪಕ್ಕದಲ್ಲೇ ಬಾಲದಲ್ಲಿ ಮೂರು ಎಳೆಗಳಿರುವ ಚಪ್ಪಟೆ ಹುಳ ಓಡಿದರೆ ಅದು ಮೇಫ್ಲೈ ಮರಿ. ಗರಿ ಮತ್ತು ದಾರ ಸುತ್ತಿದ ಟ್ರೌಟ್ ಗಾಳಗಳಲ್ಲಿ ಬಹಳಷ್ಟು ಇಂಥ ಕೀಟಗಳ ಅನುಕರಣೆಯೇ. ನೋಡಿದ ಮೇಲೆ ಕಲ್ಲನ್ನು ಇದ್ದಂತೆಯೇ ಇಡಿ, ದಯವಿಟ್ಟು.

ಇನ್ನು ಮೀನಿನ ಕಣ್ಣು. ಬೆಳಕು ನೀರಿಗಿಳಿಯುವಾಗ ಬಾಗುವುದರಿಂದ, ಒಂದು ಅಡಿ ಆಳದ ಮೀನಿಗೆ ಹೊರಲೋಕವೆಲ್ಲ ತಲೆಯ ಮೇಲಿನ ಸುಮಾರು ಎರಡೂಕಾಲು ಅಡಿ ಅಗಲದ ವೃತ್ತದೊಳಗೆ ಕಾಣುತ್ತದೆ. ತಗ್ಗಿನಲ್ಲಿರುವುದು ಆ ವೃತ್ತದ ಅಂಚಿನಲ್ಲಿ ಒತ್ತಿಹೋಗಿ ಮಸುಕಾಗುತ್ತದೆ. ಬಗ್ಗಿ ನಡೆಯಬೇಕೆನ್ನುವುದು ಇದಕ್ಕೇ. ಮೀನು ಸೆಳವಿಗೆ ಎದುರಾಗಿ ನಿಲ್ಲುವುದರಿಂದ ಹಳ್ಳದ ಕೆಳಗಿನಿಂದ ಮೇಲಕ್ಕೆ, ಅದರ ಬೆನ್ನ ಹಿಂದಿನಿಂದ ಹೋಗಬೇಕು. ನೆರಳು ನೀರಿನ ಮೇಲೆ ಬೀಳಬಾರದು, ಕಲ್ಲು ಉರುಳಬಾರದು. ಎಷ್ಟೋ ಸಲ ಗಾಳ ಬಿಚ್ಚುವ ಮೊದಲೇ ಆಟ ಮುಗಿದಿರುತ್ತದೆ.

ಸಲಕರಣೆಯ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಜಪಾನಿನ ಬೆಟ್ಟದ ತೊರೆಗಳಲ್ಲಿ ತೆಂಕರ ಎಂಬ ಪದ್ಧತಿಯಿದೆ: ಉದ್ದ ಕೋಲು, ತುದಿಗೆ ಕಟ್ಟಿದ ದಾರ, ದಾರ ಸುತ್ತುವ ರೀಲ್ ಇಲ್ಲ. ನಮ್ಮ ಬಿದಿರು ಕೋಲಿನ ಗಾಳವೂ ಇದೇ ತತ್ತ್ವದ್ದು. ಸಣ್ಣ ತೊರೆಗೆ ಇದು ಸಾಕು. ದಾರದ ಹೆಚ್ಚಿನ ಭಾಗವನ್ನು ನೀರಿನಿಂದ ಮೇಲೆತ್ತಿ ಹಿಡಿದು, ಗಾಳ ನೀರಿನ ವೇಗದಲ್ಲೇ ತೇಲಿಬರುವಂತೆ ನೋಡಿಕೊಳ್ಳಿ. ದಾರ ಅದನ್ನು ಸ್ವಲ್ಪ ಎಳೆದರೂ ಮೀನಿಗೆ ಅನುಮಾನ ಬರುತ್ತದೆ. ಹಿಮ್ಮುಳ್ಳಿಲ್ಲದ ಗಾಳ ಬಳಸಿ. ಮರಳಿ ನೀರಿಗೆ ಬಿಡುವ ಮೀನನ್ನು ಮುಟ್ಟುವ ಮೊದಲು ಕೈ ಒದ್ದೆ ಮಾಡಿಕೊಳ್ಳಿ. ಒಣ ಕೈ ಅದರ ಮೈಯ ಲೋಳೆಯನ್ನು ಕೀಳುತ್ತದೆ, ಆಮೇಲೆ ಸೋಂಕು ತಗಲಬಹುದು.

ಹೆಣ್ಣು ಟ್ರೌಟ್ ಬಾಲದಿಂದ ಜಲ್ಲಿಯನ್ನು ಕೆದರಿ ಗುಳಿ ಮಾಡಿ ಮೊಟ್ಟೆಯಿಡುತ್ತದೆ, ಆದ್ದರಿಂದ ಆ ಕಾಲದಲ್ಲಿ ಜಲ್ಲಿಯ ಮೇಲೆ ಕಾಲಿಡಬಾರದು. ನಮ್ಮಲ್ಲಿ ಮುಂಗಾರಿನ ಮೊದಲ ಮಳೆಗೆ ಹತ್ತುಮೀನು ಮೇಲೇರುವುದೂ ಮೊಟ್ಟೆಯಿಡಲಿಕ್ಕೇ. ಆ ದಿನಗಳಲ್ಲಿ ಕೂಳಿ (ಮೀನು ಹಿಡಿಯುವ ಬುಟ್ಟಿ) ಹಾಕುವುದನ್ನು ನಾನು ಬಿಟ್ಟಿದ್ದೇನೆ. ಕುದುರೆಮುಖ ರಾಷ್ಟ್ರೀಯ ಉದ್ಯಾನದೊಳಗಿನ ತೊರೆಗಳಿಗೆ ಗಾಳ ಒಯ್ಯಬೇಡಿ. ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲ ಬಳಿಯ ಮೀನುಗಳಿಗೆ ಮಂಡಕ್ಕಿ ಹಾಕುತ್ತಾರೆ, ಹಿಡಿಯುವುದಿಲ್ಲ. ಅಲ್ಲಿ ನಿಂತು ಮೀನುಗಳು ಸೆಳವಿಗೆ ಹೇಗೆ ಮೈಯೊಡ್ಡುತ್ತವೆ ಎಂಬುದನ್ನು ಅರ್ಧ ಗಂಟೆ ನೋಡಿ.